‘ಭಾವುಕ’ ಎಂಬ ಬೈಗುಳ

ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವದ ಅಂಗವಾಗಿ ವಿದ್ಯಾರ್ಥಿಗಳ ಚಿತ್ರಗಳದೊಂದು ಸಣ್ಣ ಪ್ರದರ್ಶನ ನಡೆಯಿತು. ವಿಜ್ಞಾನ ವಿಭಾಗದ ಹುಡುಗನೊಬ್ಬ ಮರದ ಹಲಗೆಯಲ್ಲಿ ತಾನೇ ಕೆತ್ತಿ, ಮಸಿ ಸವರಿ, ಚಮಚದ ಬೆನ್ನಿನಿಂದ ಕಾಗದವನ್ನು ಉಜ್ಜಿ ತೆಗೆದ ಒಂದು ಅಚ್ಚುಚಿತ್ರವನ್ನು ತಂದಿಟ್ಟಿದ್ದ. ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬ ಮುದುಕ, ಒಬ್ಬ ಮುದುಕಿ. ಮುದುಕಿಯ ತೊಡೆಯ ಮೇಲೆ ಊಟದ ಕ್ಯಾರಿಯರು. ಅದರ ಹಿಡಿಯ ಮೇಲೆ ಅವಳ ಕೈ. ಅವಳ ಕೈಯ ಪಕ್ಕದಲ್ಲಿ, ಮುಟ್ಟಿಯೂ ಮುಟ್ಟದ ಹಾಗೆ, ಅವನ ಕೈ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿಲ್ಲ. ಅಷ್ಟೆ ಚಿತ್ರ. ತೀರ್ಪುಗಾರರಾಗಿ ಬಂದಿದ್ದ ವಿಮರ್ಶಕ ಮಹಾಶಯರು ಅದರ ಮುಂದೆ ಅರೆನಿಮಿಷ ನಿಂತರು, “ಭಾವುಕ” ಎಂದು ಒಂದೇ ಮಾತು ಹೇಳಿದರು, ಮುಂದಕ್ಕೆ ನಡೆದರು. ಬಹುಮಾನ ಮೂರು ತ್ರಿಕೋಣಗಳ ಒಂದು ಚಿತ್ರಕ್ಕೆ ಹೋಯಿತು. ತ್ರಿಕೋಣಗಳು ಅಚ್ಚುಕಟ್ಟಾಗಿಯೇ ಇದ್ದುವು; ಅವುಗಳ ಮೇಲೆ ನನಗೆ ಯಾವ ದ್ವೇಷವೂ ಇಲ್ಲ.

ಸಂಜೆಯ ಸಭೆಯಲ್ಲಿ ಅವರು ತಮ್ಮ ಒಂದು ಮಾತನ್ನು ಮೂರಾಗಿ ಬಿಡಿಸಿ ಹೇಳಿದರು. ಮನುಷ್ಯನ ಆಕೃತಿಯನ್ನು ಚಿತ್ರದಲ್ಲಿ ತಂದೊಡನೆ ಅದು ಕಥೆಯಾಗುತ್ತದೆ, ಚಿತ್ರವಾಗಿ ಉಳಿಯುವುದಿಲ್ಲ. ಮನಸ್ಸನ್ನು ಕರಗಿಸುವುದು ಕ್ಯಾಲೆಂಡರಿನ ಕೆಲಸ, ಕಲೆಯ ಕೆಲಸವಲ್ಲ. ಇನ್ನು ಮರದ ಅಚ್ಚು ಎಂಬುದು ಹೇಗಿದ್ದರೂ ಪ್ರತಿಗಳನ್ನು ತೆಗೆಯುವ ಉಪಾಯ. ಮೂಲಕೃತಿಯ ಘನತೆ ಅದಕ್ಕೆ ಬರಲಾರದು. ಅವರು ನನಗಿಂತ ಎಷ್ಟೋ ಹೆಚ್ಚು ಚಿತ್ರಗಳನ್ನು ನೋಡಿದವರು. ನಾನು ಪಂಪ, ರನ್ನರನ್ನು ಪಾಠ ಹೇಳಿಕೊಂಡಿರುವ ಮೇಷ್ಟ್ರು, ಒಂದು ದಿನವೂ ಉಳಿ ಹಿಡಿದವನಲ್ಲ. ಆದರೂ ಈ ಮೂರು ಮಾತುಗಳೂ ತಪ್ಪೆಂದು ನನಗೆ ತೋರುತ್ತದೆ. ಅಂದು ವಂದನಾರ್ಪಣೆಯ ಹೊಣೆ ನನ್ನ ತಲೆಗೆ ಬಿದ್ದಿದ್ದರಿಂದ ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ಮೊದಲು ಆ ಶಬ್ದದ ವಿಚಾರ. ‘ಭಾವುಕ’ ಎಂಬುದು ನಮ್ಮಲ್ಲಿ ಬೈಗುಳವಾದದ್ದು ಯಾವಾಗ? ನಮ್ಮ ಹಳೆಯ ಕಾವ್ಯಮೀಮಾಂಸಕರಿಗೆ ಅದು ಓದುಗನಿಗೆ ಸಲ್ಲುವ ಬಿರುದಾಗಿತ್ತು. ರಾಜಶೇಖರನು ಪ್ರತಿಭೆಯನ್ನು ಎರಡಾಗಿ ವಿಂಗಡಿಸುತ್ತಾನೆ: ಕವಿಯದು ಕಾರಯಿತ್ರೀ, ಸಹೃದಯನದು ಭಾವಯಿತ್ರೀ. ಎಂದರೆ ಭಾವಿಸಬಲ್ಲ ಶಕ್ತಿ ಕೂಡ ಒಂದು ಪ್ರತಿಭೆಯೇ. ಅದಿಲ್ಲದವನ ಮುಂದೆ ಕಾವ್ಯವನ್ನಿಟ್ಟರೆ ಅದು ಬರಿಯ ಓಲೆಗರಿ. ಇಂದು ಆ ಶಕ್ತಿ ಇರುವುದನ್ನೇ ದೋಷವೆಂದು ಎಣಿಸುವ ಕಾಲ ಬಂದಿದೆ. ಇಂಗ್ಲಿಷಿನ ‘ಸೆಂಟಿಮೆಂಟಲ್’ ಎಂಬ ತಿರಸ್ಕಾರಕ್ಕೆ ಕನ್ನಡದಲ್ಲಿ ಒಂದು ಮಾತು ಬೇಕಾಗಿತ್ತು, ಕೈಗೆ ಸಿಕ್ಕ ಒಳ್ಳೆಯ ಮಾತೊಂದನ್ನು ಹಿಡಿದು ಅದಕ್ಕೆ ಕೊಟ್ಟುಬಿಟ್ಟೆವು. ಹುಸಿಭಾವ ಎಂದೊಂದು ವಸ್ತು ಇಲ್ಲವೆಂದು ನಾನು ಹೇಳುವುದಿಲ್ಲ. ಕಣ್ಣೀರಿಡುವ ಹಸುಳೆಯ ಬಣ್ಣದ ಪಟ ನಮ್ಮ ಎಷ್ಟೋ ಕ್ಷೌರದಂಗಡಿಗಳಲ್ಲಿ ತೂಗಾಡುತ್ತಿದ್ದುದನ್ನು ವಾಚಕರು ನೋಡಿಯೇ ಇದ್ದಾರೆ. ಆ ಪಟಕ್ಕೆ ಹೇಳಬೇಕಾದ ಮಾತನ್ನು ಮರದ ಹಲಗೆಗೆ ಹೇಳಿದರೆ ಹೇಗೆ?

ಏಕೆಂದರೆ ಮರಗೆತ್ತನೆಯ ಸ್ವಭಾವವೇ ಬೇರೆ. ಇಲ್ಲಿ ಗೆರೆಯನ್ನು ಎಳೆಯುವುದಿಲ್ಲ. ಗೆರೆಯಲ್ಲದ್ದನ್ನು ಕಿತ್ತು ತೆಗೆಯುತ್ತಾರೆ. ಉಳಿ ಹೋದ ಕಡೆ ಕಾಗದದಲ್ಲಿ ಬಿಳುಪು, ಉಳಿ ಹೋಗದೆ ಉಳಿದ ಕಡೆ ಕಪ್ಪು. ನಡುವೆ ಬೂದು ಬಣ್ಣವಿಲ್ಲ. ತಾಮ್ರದ ತಗಡಿನ ಮೇಲೆ ಆಮ್ಲದಿಂದ ಕೊರೆದು ಮಾಡುವ ಎಚಿಂಗಿನಲ್ಲಿ ನೆರಳನ್ನು ನಯವಾಗಿ ಹರಡಬಹುದು, ಶಿಲಾಮುದ್ರಣದಲ್ಲಿ ಮೋಂಬತ್ತಿಯಂಥ ಬಳಪದಿಂದ ಕೆನ್ನೆಯನ್ನು ದುಂಡಗೆ ತಿದ್ದಬಹುದು. ಹಲಗೆಯಲ್ಲಿ ಅದಾಗದು. ಮರದ ಎಳೆ ಉಳಿಯನ್ನು ತನ್ನ ದಾರಿಗೆ ಎಳೆಯುತ್ತದೆ. ತಪ್ಪಿ ಹೋದ ಚೂರನ್ನು ತಿರುಗಿ ಅಂಟಿಸಲಾಗದು. ಮೇಲಾಗಿ ಎಲ್ಲವನ್ನೂ ಎಡಬಲ ತಿರುಗಿಸಿ ಯೋಚಿಸಬೇಕು, ಏಕೆಂದರೆ ಕಾಗದದ ಮೇಲೆ ಅದು ಕನ್ನಡಿಯಂತೆ ಮಗುಚಿಕೊಳ್ಳುತ್ತದೆ.

ಭರತಮುನಿ ಎಣಿಸಿದ ಎಂಟು ಸಾತ್ವಿಕ ಭಾವಗಳನ್ನು ಈ ಹಲಗೆಯ ಮುಂದಿಟ್ಟು ನೋಡಿ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಬೆವರು ಇಲ್ಲಿ ಕೆತ್ತಲಾಗದು. ರೋಮಾಂಚ ಆಗದು. ಸ್ವರವಂತೂ ಚಿತ್ರಕ್ಕೇ ಇಲ್ಲ. ಮುಖದ ಬಣ್ಣ ಕೆಡುವುದನ್ನು ತೋರಿಸಲು ಬಣ್ಣವೇ ಇಲ್ಲ. ಕಣ್ಣೀರನ್ನು ಕೆತ್ತಿದರೆ ಅದು ಹರಳೆಣ್ಣೆಯ ಬೀಜದಂತೆ ಕಾಣುತ್ತದೆ. ಉಳಿಯುವುವು ಮುಖ್ಯವಾಗಿ ಎರಡು: ಸ್ತಂಭ, ಎಂದರೆ ಕಂಬದಂತೆ ಮರಗಟ್ಟಿ ನಿಲ್ಲುವುದು, ಪ್ರಲಯ, ಎಂದರೆ ಮೈ ಕುಸಿದುಹೋಗುವುದು. ಮರಗಟ್ಟುವುದು ಎಂಬ ಮಾತೇ ನಮ್ಮ ಭಾಷೆಯಲ್ಲಿದೆ. ದುಃಖದ ಅಲಂಕಾರಗಳನ್ನೆಲ್ಲ ಕಳಚಿ ಅದರ ಎಲುಬನ್ನು ಮಾತ್ರ ಉಳಿಸಿಕೊಳ್ಳುವ ಈ ಮಾಧ್ಯಮವನ್ನು ಹಿಡಿದು ‘ಕರಗಿಸುತ್ತದೆ’ ಎಂದು ದೂರುವುದು, ಉಪವಾಸವಿರುವವನನ್ನು ಹೊಟ್ಟೆಬಾಕನೆಂದು ಜರೆದಂತೆ.

ಇದನ್ನು ತನ್ನ ಬಾಳಿನಲ್ಲಿ ಕಷ್ಟಪಟ್ಟು ಕಂಡುಕೊಂಡವಳು ಕೇಥೆ ಕೋಲ್‌ವಿಟ್ಸ್. ೧೮೬೭ರಲ್ಲಿ ಕೋನಿಗ್ಸ್‌ಬರ್ಗಿನಲ್ಲಿ ಹುಟ್ಟಿದ ಈ ಜರ್ಮನ್ ಹೆಂಗಸು ಮದುವೆಯಾದದ್ದು ಒಬ್ಬ ವೈದ್ಯನನ್ನು. ಬರ್ಲಿನ್ನಿನ ಕೂಲಿಕಾರರ ಕೇರಿಯಲ್ಲಿ ಅವನ ದವಾಖಾನೆ. ರೋಗಕ್ಕೆ ಮದ್ದು ಕೇಳಲು ಬಂದ ಹೆಂಗಸರು ಬದುಕಿನ ಗೋಳನ್ನೂ ಹೇಳಿಕೊಂಡು ಹೋಗುವ ಮನೆ ಅದು. ನೇಕಾರರ ದಂಗೆಯನ್ನು ಕುರಿತ ಅವಳ ಚಿತ್ರಮಾಲಿಕೆಗೆ ೧೮೯೮ರಲ್ಲಿ ಪದಕ ಕೊಡಬೇಕೆಂದು ತೀರ್ಪುಗಾರರು ಶಿಫಾರಸು ಮಾಡಿದರು. ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮ್ ಒಪ್ಪಲಿಲ್ಲ. ದುಃಖದರಿದ್ರ್ಯಗಳನ್ನು ಇದ್ದುದಕ್ಕಿಂತ ಅಸಹ್ಯವಾಗಿ ತೋರಿಸುವ ಕಲೆ ಚರಂಡಿಗೆ ಇಳಿದಂತೆ ಎಂಬ ಅರ್ಥದ ಭಾಷಣವನ್ನು ಆತ ೧೯೦೧ರಲ್ಲಿ ಮಾಡಿದ್ದುಂಟು. ನಮ್ಮ ವಿಮರ್ಶಕರು ಅರಸರಲ್ಲವಾದ್ದರಿಂದ ಸ್ವಲ್ಪ ಮೆತ್ತಗಿನ ಶಬ್ದವನ್ನು ಬಳಸುತ್ತಾರೆ.

ಆ ತನಕ ಅವಳ ಕೆಲಸವೆಲ್ಲ ಎಚಿಂಗು, ಶಿಲಾಮುದ್ರಣಗಳಲ್ಲಿ. ೧೯೧೪ರ ಅಕ್ಟೋಬರಿನಲ್ಲಿ ಹದಿನೆಂಟು ವರ್ಷದ ಕಿರಿಯ ಮಗ ಪೀಟರ್ ಬೆಲ್ಜಿಯಮ್ಮಿನ ರಣರಂಗದಲ್ಲಿ ಸತ್ತ. ತಾನಾಗಿ ಸೈನ್ಯಕ್ಕೆ ಸೇರಿದ ಹುಡುಗ, ತಂದೆ ಬೇಡವೆಂದಿದ್ದ, ತಂದೆಯನ್ನು ಒಪ್ಪಿಸಿ ಕಳಿಸಿದವಳು ತಾಯಿಯೇ. ಇಂಥ ದುಃಖವನ್ನು ಚಿತ್ರಿಸಲು ಅವಳಿಗೆ ಅನೇಕ ವರ್ಷ ಕೈ ಬರಲಿಲ್ಲ. ೧೯೧೯ರ ಜನವರಿ ೧೫ರಂದು ಕಾರ್ಲ್ ಲೀಬ್‌ಕ್ನೆಕ್ಟ್‌ನ ಕೊಲೆಯಾದಾಗ ಅವನ ಮನೆಯವರು ಶವದ ಚಿತ್ರ ಬರೆಯಲು ಅವಳನ್ನು ಕರೆದರು. ಬರೆದಳು. ಅದನ್ನು ಸ್ಮಾರಕಚಿತ್ರವಾಗಿ ಮಾಡಲು ಮೊದಲು ಎಚಿಂಗಿನಲ್ಲಿ ಯತ್ನಿಸಿದಳು, ಹಿಡಿಸಲಿಲ್ಲ. ಶಿಲಾಮುದ್ರಣದಲ್ಲಿ ಯತ್ನಿಸಿದಳು, ಹಿಡಿಸಲಿಲ್ಲ. ೧೯೨೦ರ ಜೂನಿನಲ್ಲಿ ಬರ್ಲಿನ್ನಿನ ಒಂದು ಪ್ರದರ್ಶನದಲ್ಲಿ ಎರ್ನ್‌ಸ್ಟ್ ಬಾರ್ಲಾಖ್‌ನ ಮರಗೆತ್ತನೆಗಳನ್ನು ಕಂಡು ಅವಳಿಗೆ ದಾರಿ ಹೊಳೆಯಿತು. ಐವತ್ತಮೂರನೆಯ ವಯಸ್ಸಿನಲ್ಲಿ, ತಾನು ಪಳಗಿದ್ದ ಎರಡು ಮಾಧ್ಯಮಗಳನ್ನು ಬದಿಗಿಟ್ಟು, ಪಳಗಿಲ್ಲದ ಮೂರನೆಯದನ್ನು ಹಿಡಿದಳು. ಮಾತು ಬೆಳೆಸುವುದಕ್ಕಾಗಿ ಯಾರೂ ಹೀಗೆ ಮಾಡುವುದಿಲ್ಲ. ಮಾತು ಕಡಮೆ ಮಾಡಲು ಮಾಡುತ್ತಾರೆ.

ಆ ಚಿತ್ರದಲ್ಲಿ ಕೆಳಗೆ ಅಡ್ಡಲಾಗಿ ಶವ, ಬಿಳಿಯ ಬಟ್ಟೆ. ಮೇಲೆ ಬಾಗಿದ ಜನ. ನಡುವೆ ಒಬ್ಬ ಬಲಿಷ್ಠ ಕೂಲಿಕಾರ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ ಸತ್ತವನ ಎದೆಯ ಮೇಲೆ ಕೈಯಿಟ್ಟಿದ್ದಾನೆ. ಆ ಕೈ ದಪ್ಪನೆಯದು, ಒರಟು. ಮುಖಕ್ಕಿಂತ ಹೆಚ್ಚಾಗಿ ಅದೇ ಮಾತನಾಡುತ್ತದೆ. ಕೋಲ್‌ವಿಟ್ಸ್ ಲೀಬ್‌ಕ್ನೆಕ್ಟ್‌ನ ಪಕ್ಷದವಳಲ್ಲ. ಅವನ ರಾಜಕೀಯವನ್ನು ಒಪ್ಪದೆಯೂ ಅವನಿಗಾಗಿ ಅತ್ತ ಜನರ ದುಃಖವನ್ನು ಕೆತ್ತುವ ಹಕ್ಕು ಕಲಾವಿದೆಯಾದ ತನಗಿದೆ ಎಂದು ತನ್ನ ದಿನಚರಿಯಲ್ಲಿ ವಾದಿಸಿಕೊಂಡಿದ್ದಾಳೆ.

ಆಮೇಲೆ ಬಂದದ್ದು ‘ಯುದ್ಧ’ ಎಂಬ ಏಳು ಮರಗೆತ್ತನೆಗಳ ಮಾಲಿಕೆ, ಪ್ರಕಟವಾದದ್ದು ೧೯೨೩ರಲ್ಲಿ. ಯುದ್ಧವೆಂದರೆ ನಾವು ನಿರೀಕ್ಷಿಸುವ ತೋಪು, ತುಪಾಕಿ, ಕಂದಕ ಯಾವುದೂ ಈ ಏಳರಲ್ಲಿ ಇಲ್ಲ. ಬರಿಯ ಮನುಷ್ಯರು. ಕೂಸನ್ನು ಮುಂದಕ್ಕೆ ಎತ್ತಿ ಒಪ್ಪಿಸುವ ತಾಯಿ, ಮೃತ್ಯುವಿನ ನಗಾರಿಯ ಹಿಂದೆ ಹೋಗುವ ತರುಣರು, ಮೃತ್ಯುವಿನ ಪಕ್ಕದಲ್ಲೇ ಇರುವವನು ಪೀಟರ್, ತಂದೆತಾಯಿಗಳು, ವಿಧವೆ ಎರಡು ಸಲ, ತಾಯಂದಿರು, ಕಡೆಗೆ ಜನ.

ನಾನು ಮತ್ತೆ ಮತ್ತೆ ನೋಡುವುದು ಮೂರನೆಯದನ್ನು, ‘ತಂದೆತಾಯಿಗಳು’. ಮೂಲ ಅಚ್ಚನ್ನು ನೋಡುವ ಭಾಗ್ಯ ನನಗೆ ಬಂದಿಲ್ಲ; ಪುಸ್ತಕದಲ್ಲಿ, ಈಗೀಗ ಕೈಫೋನಿನಲ್ಲಿ ನೋಡಿದ್ದು. ಇಬ್ಬರು ಮಂಡಿಯೂರಿದ್ದಾರೆ. ತಾಯಿ ಕುಸಿದು ತಂದೆಯೊಳಕ್ಕೆ ಸೇರಿಹೋಗಿದ್ದಾಳೆ. ತಂದೆ ಒಂದು ಕೈಯಿಂದ ಮುಖ ಮುಚ್ಚಿಕೊಂಡಿದ್ದಾನೆ. ಇಬ್ಬರ ಮುಖವೂ ನಮಗೆ ಕಾಣದು. ಎರಡು ಮೈಗಳು ಎಲ್ಲಿ ಬೇರೆಯಾಗುತ್ತವೆ ಎಂದು ಹುಡುಕಿದರೆ ಸಿಗದು; ಒಂದೇ ಕಪ್ಪು ಗುಡ್ಡ, ಅದರ ಮೇಲೆ ಉಳಿಯ ಗಾಯಗಳಂತೆ ಬಟ್ಟೆಯ ನೆರಿಗೆ. ‘ಕಥೆಯಾಗುತ್ತದೆ’ ಎಂದರಲ್ಲ ನಮ್ಮ ತೀರ್ಪುಗಾರರು, ಎಲ್ಲಿದೆ ಕಥೆ? ಮನೆಯಿಲ್ಲ, ಮಗನಿಲ್ಲ, ತಂತಿ ತಂದ ಜವಾನನಿಲ್ಲ. ನಡೆಯುವುದೆಲ್ಲ ನಡೆದುಹೋಗಿದೆ. ಕಥೆ ಮುಗಿದ ಮೇಲೆ ಉಳಿದಿರುವ ಭಾರ ಮಾತ್ರ ಇಲ್ಲಿರುವುದು. ಅದನ್ನು ಹೇಳಲು ಮನುಷ್ಯನ ಬೆನ್ನು, ಮೊಣಕೈ, ಮಂಡಿಗಳಲ್ಲದೆ ಬೇರೆ ಯಾವ ಆಕಾರ ನೆರವಾದೀತು?

ಮುಖವನ್ನು ಮುಚ್ಚಿ ದುಃಖವನ್ನು ತೋರಿಸುವುದು ಅವಳು ಕಂಡುಹಿಡಿದ ಉಪಾಯವೇನಲ್ಲ. ಇಫಿಗೀನಿಯಳ ಬಲಿಯ ಚಿತ್ರದಲ್ಲಿ ಗ್ರೀಕರ ತಿಮಾಂಥಿಸ್ ಸುತ್ತಲಿನವರ ಮುಖಗಳಲ್ಲೆಲ್ಲ ಶೋಕವನ್ನು ಬರೆದು, ತಂದೆಯ ಮುಖಕ್ಕೆ ಮಾತ್ರ ಮುಸುಕು ಹಾಕಿದನೆಂದು ಪ್ರಾಚೀನರು ಹೊಗಳಿದ್ದಾರೆ. ನಮ್ಮ ಆನಂದವರ್ಧನ ಇದನ್ನು ಕಂಡಿದ್ದರೆ ಧ್ವನಿ ಎನ್ನುತ್ತಿದ್ದ. ಹೇಳದೆ ಬಿಟ್ಟದ್ದೇ ಹೇಳಿದ್ದನ್ನು ಮೀರುವುದು ಧ್ವನಿಯಾದರೆ, ಕಿತ್ತುಹಾಕಿದ್ದರಿಂದಲೇ ರೂಪ ಬರುವ ಮರಗೆತ್ತನೆಯಷ್ಟು ಅದಕ್ಕೆ ಒಗ್ಗಿದ ಕಲೆ ಇನ್ನೊಂದಿಲ್ಲ. ಶೋಕ ಶ್ಲೋಕವಾದ ಕಥೆಯನ್ನು ಕಾವ್ಯದ ಆತ್ಮವನ್ನು ವಿವರಿಸಲು ಎತ್ತಿಕೊಂಡವನೂ ಅವನೇ. ವಾಲ್ಮೀಕಿ ಭಾವುಕನೆಂದು ಅವನು ಬಹುಮಾನ ತಪ್ಪಿಸಲಿಲ್ಲ.

ದುಃಖವೊಂದೇ ಏಕೆ? ನಾರ್ವೆಯ ಎಡ್ವರ್ಡ್ ಮುಂಕ್ ‘ಮುತ್ತು’ ಎಂಬ ವಸ್ತುವನ್ನು ೧೮೯೭ರಿಂದ ೧೯೦೨ರ ತನಕ ಮರದಲ್ಲಿ ಮತ್ತೆ ಮತ್ತೆ ಕೆತ್ತಿದ. ಅಲ್ಲಿ ಗಂಡುಹೆಣ್ಣುಗಳ ಮುಖಗಳು ಕೂಡಿ ಒಂದೇ ಬಿಳಿಯ ಮಚ್ಚೆಯಾಗಿವೆ; ಕಣ್ಣು, ಮೂಗು ಯಾವುದೂ ಇಲ್ಲ. ಇನ್ನೊಂದು ಹಲಗೆಯ ಬರಿಯ ಎಳೆಗಳನ್ನು ಅಚ್ಚೊತ್ತಿ ಆ ಜೋಡಿಯ ಸುತ್ತಲೂ ಮೇಲೂ ಮಳೆಯಂತೆ ಇಳಿಸಿದ್ದಾನೆ. ಅವನೇ ‘ಒಂಟಿಗರು’ ಎಂಬ ಚಿತ್ರಕ್ಕೆ ಹಲಗೆಯನ್ನು ಗರಗಸದಿಂದ ತುಂಡು ಮಾಡಿ, ಒಂದೊಂದಕ್ಕೂ ಬೇರೆ ಬೇರೆ ಬಣ್ಣ ಸವರಿ, ತಿರುಗಿ ಜೋಡಿಸಿ ಅಚ್ಚು ತೆಗೆದ. ಕಡಲ ದಂಡೆಯಲ್ಲಿ ನಮಗೆ ಬೆನ್ನು ಮಾಡಿ ನಿಂತ ಗಂಡು, ಹೆಣ್ಣು. ನಡುವೆ ಒಂದೆರಡು ಹೆಜ್ಜೆಯ ದೂರ. ಗಂಡಿನ ಆಕೃತಿ ದಂಡೆಯ ತುಂಡಿಗೇ ಅಂಟಿಕೊಂಡಿದೆ. ಹೆಣ್ಣು ಮಾತ್ರ ಬೇರೆ ತುಂಡು. ಮನುಷ್ಯರ ನಡುವಿನ ಅಂತರವನ್ನು ಅವನು ವರ್ಣಿಸಲಿಲ್ಲ, ಗರಗಸದಿಂದ ಕೊಯ್ದಿಟ್ಟ. ಕೂಡುವುದಕ್ಕೂ ಅಗಲುವುದಕ್ಕೂ ಹಲಗೆಯೇ ಭಾಷೆಯಾಯಿತು.

ಇನ್ನು ಪ್ರತಿಯ ಮಾತು. ಮರಗೆತ್ತನೆಗೆ ಮೂಲ ಯಾವುದು? ಹಲಗೆಯೆ? ಅದು ಮಸಿ ಕುಡಿದು ಕಪ್ಪಾದ, ತಿರುಗುಮುರುಗಾದ ಒಂದು ಸಾಧನ. ಅದನ್ನು ಯಾರೂ ಚಿತ್ರವೆನ್ನುವುದಿಲ್ಲ. ಒಂದೊಂದು ಅಚ್ಚೂ ಮೂಲವೇ. ಪಂಪನ ಸ್ವಹಸ್ತದ ಓಲೆ ನಮಗೆ ದೊರೆತಿಲ್ಲ. ಲಿಪಿಕಾರರು ಎತ್ತಿಕೊಂಡ ಪ್ರತಿಗಳೇ ನಮಗೆ ಆಧಾರ. ಹಾಗೆಂದು ‘ವಿಕ್ರಮಾರ್ಜುನ ವಿಜಯ’ದ ಘನತೆ ಒಂದು ಗುಲಗಂಜಿಯಷ್ಟಾದರೂ ಇಳಿಯಿತೆ? ಇಂದು ಕೆಲವು ಚಿತ್ರಶಾಲೆಗಳಲ್ಲಿ ಹತ್ತೋ ಇಪ್ಪತ್ತೈದೋ ಅಚ್ಚು ತೆಗೆದು, ಒಂದೊಂದಕ್ಕೂ ಸಂಖ್ಯೆ ಹಾಕಿ, ಆ ಮೇಲೆ ಹಲಗೆಗೆ ಅಡ್ಡಗೀಟು ಕೊರೆದು ಕೆಡಿಸುವ ಪದ್ಧತಿ ಇದೆ. ಕೊಂಡವನ ಹಣ ಉಳಿಯಲಿ ಎಂದು. ವ್ಯಾಪಾರಕ್ಕೆ ಅದು ನ್ಯಾಯವಿದ್ದೀತು. ಅದನ್ನೇ ಕಲಾತತ್ತ್ವವೆಂದು ನಮಗೆ ಬೋಧಿಸಬೇಕಾಗಿಲ್ಲ.

ಪ್ರತಿಗಳಾಗುವ ಗುಣದಿಂದಲೇ ಏನು ಸಾಧ್ಯವಾಯಿತೆಂಬುದಕ್ಕೆ ಒಂದು ನಿದರ್ಶನ ಹೇಳುತ್ತೇನೆ. ೧೯೩೧ರ ಫೆಬ್ರವರಿಯಲ್ಲಿ ಶಾಂಘಾಯಿಯಲ್ಲಿ ರೌ ಶಿ ಎಂಬ ತರುಣ ಲೇಖಕನನ್ನು ಸರಕಾರ ಗುಂಡಿಕ್ಕಿ ಕೊಲ್ಲಿಸಿತು. ಊರಿನಲ್ಲಿ ಅವನ ತಾಯಿ, ಕಣ್ಣು ಕಾಣದಾಕೆ. ಮಗ ಸತ್ತ ಸುದ್ದಿ ಆಕೆಗೆ ತಿಳಿಯದು. ಅವನ ಹಿರಿಯ ಮಿತ್ರ ಲು ಶುನ್‌ಗೆ ಬಹಿರಂಗವಾಗಿ ಒಂದು ಶ್ರದ್ಧಾಂಜಲಿಯನ್ನು ಬರೆಯುವಂತಿರಲಿಲ್ಲ. ಆಗ ಅವನು ಒಂದು ಹೊಸ ಮಾಸಪತ್ರಿಕೆಯ ಮೊದಲ ಸಂಚಿಕೆಗೆ ಕೋಲ್‌ವಿಟ್ಸ್‌ಳ ಯುದ್ಧಮಾಲಿಕೆಯ ಮೊದಲನೆಯ ಚಿತ್ರವನ್ನು, ಕೂಸನ್ನು ಎತ್ತಿ ಒಪ್ಪಿಸುವ ತಾಯಿಯನ್ನು, ಕೊಟ್ಟ. ಬರ್ಲಿನ್ನಿನ ಒಬ್ಬ ತಾಯಿ ತನ್ನ ಮಗನಿಗಾಗಿ ಕೆತ್ತಿದ್ದು ಚೀನದ ಒಬ್ಬ ಕುರುಡಿ ತಾಯಿಯ ಮಗನಿಗೆ ಸ್ಮಾರಕವಾಯಿತು. ಭಾಷಾಂತರಕಾರ ಬೇಕಾಗಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಲು ಶುನ್ ಶಾಂಘಾಯಿಯಲ್ಲಿ ಕೆಲವು ಹುಡುಗರಿಗೆ ಮರಗೆತ್ತನೆಯ ಪಾಠ ಹೇಳಿಸಿದ. ಕಲಿಸಿದವನು ಜಪಾನೀಯ, ದುಭಾಷಿಯಾಗಿ ನಿಂತವನು ಸ್ವತಃ ಲು ಶುನ್. ಚೀನದ ಹೊಸ ಮರಗೆತ್ತನೆಯ ಚಳವಳಿ ಅಲ್ಲಿಂದ ಹೊರಟಿತು. ಸಾಯುವ ವರ್ಷ, ೧೯೩೬ರಲ್ಲಿ, ಅವನು ಕೋಲ್‌ವಿಟ್ಸ್‌ಳ ಚಿತ್ರಗಳ ಸಂಪುಟವೊಂದನ್ನೂ ಹೊರತಂದ. ಅಷ್ಟು ಹೊತ್ತಿಗೆ ಜರ್ಮನಿಯಲ್ಲಿ ನಾಜಿಗಳು ಅವಳನ್ನು ಕಲಾ ಅಕಾಡೆಮಿಯಿಂದ ಹೊರಡಿಸಿ ಮೂರು ವರ್ಷವಾಗಿತ್ತು.

ಎದುರುಪಕ್ಷದಲ್ಲಿ ಹುರುಳಿಲ್ಲವೆಂದು ನಾನು ಹೇಳಿದರೆ ಅಪ್ರಾಮಾಣಿಕನಾಗುತ್ತೇನೆ. ಬಿಗಿದ ಮುಷ್ಟಿ, ತೆರೆದ ಬಾಯಿ, ಹಿಂದೆ ಉದಯಸೂರ್ಯ, ಈ ಮೂರನ್ನು ಕೆತ್ತಿ ಕ್ರಾಂತಿ ಮಾಡಿದೆವೆಂದುಕೊಂಡ ಅಚ್ಚುಗಳು ಲೋಕದಲ್ಲಿ ರಾಶಿಯಾಗಿ ಬಿದ್ದಿವೆ. ಅವುಗಳಲ್ಲಿ ಇರುವುದು ಮನುಷ್ಯನಲ್ಲ, ಮನುಷ್ಯನ ಮುದ್ರೆ. ಆದರೆ ದೋಷ ಆಕೃತಿಯದೆ? ನಂದಲಾಲ ಬಸು ೧೯೩೦ರಲ್ಲಿ ದಂಡಿಯಾತ್ರೆಯ ನೆನಪಿಗೆ ಲಿನೋಲಿಯಮ್ಮಿನಲ್ಲಿ ಕೆತ್ತಿದ ಗಾಂಧೀಜಿಯವರನ್ನು ನಮ್ಮಲ್ಲಿ ಬಹುಮಂದಿ ನೋಡಿದ್ದಾರೆ: ಕಪ್ಪು ನೆಲದಲ್ಲಿ ಕೆಲವೇ ಬಿಳಿ ಗೆರೆಗಳು, ಕೈಯಲ್ಲಿ ಕೋಲು, ಮುಂದಿಟ್ಟ ಹೆಜ್ಜೆ. ಮುಷ್ಟಿಯಿಲ್ಲ, ಸೂರ್ಯನಿಲ್ಲ. ಅದು ಕೂಡ ಒಂದು ಚಳವಳಿಯ ಚಿತ್ರವೇ.

ಇದಕ್ಕಿಂತ ಬಲವಾದ ಆಕ್ಷೇಪವೊಂದಿದೆ. ನಮ್ಮ ತೀರ್ಪುಗಾರರು ಅದನ್ನೆತ್ತಲಿಲ್ಲ, ಅವರ ಪರವಾಗಿ ನಾನೇ ಎತ್ತುತ್ತೇನೆ. ಸೋಮನಾಥ ಹೋರ್. ೧೯೨೧ರಲ್ಲಿ ಚಿತ್ತಗಾಂಗಿನ ಕಡೆ ಹುಟ್ಟಿ, ೧೯೪೩ರ ಬಂಗಾಳದ ಬರಗಾಲದಲ್ಲಿ ಹಸಿದವರ ಮೈಗಳನ್ನು ಬರೆಯುತ್ತ ಚಿತ್ರಕಾರನಾದವರು. ೧೯೪೬ರಲ್ಲಿ ತೇಭಾಗಾ ರೈತರ ನಡುವೆ ತಿರುಗಿ ದಿನಚರಿಯನ್ನೂ ಚಿತ್ರಗಳನ್ನೂ ತಂದು, ಅದೇ ಜನರನ್ನು ಮರದಲ್ಲಿ ಕೆತ್ತಿದವರು. ಅಂಥವರು ೧೯೭೦ರ ದಶಕದಲ್ಲಿ ‘ಗಾಯಗಳು’ ಎಂಬ ಮಾಲಿಕೆಯಲ್ಲಿ ಮನುಷ್ಯನನ್ನು ಪೂರ್ತಿಯಾಗಿ ಬಿಟ್ಟುಬಿಟ್ಟರು. ಬಿಳಿಯ ಕಾಗದದ ತಿರುಳಿನಲ್ಲಿ ಬಿಳಿಯ ಸೀಳುಗಳು, ಹೊಂಡಗಳು. ಬಣ್ಣವೂ ಇಲ್ಲ, ಮುಖವೂ ಇಲ್ಲ. ಹಾಗಿದ್ದರೆ ಆಕೃತಿಯಿಲ್ಲದೆಯೂ ಆಗುತ್ತದಲ್ಲ? ಆಗುತ್ತದೆ, ಒಪ್ಪಿದೆ. ಆದರೆ ಆ ಬಿಳಿಯ ಸೀಳನ್ನು ನೋಡಿದೊಡನೆ ನಮ್ಮ ಕೈ ನಮ್ಮ ಮೈಯನ್ನೇ ಮುಟ್ಟಿ ನೋಡಿಕೊಳ್ಳುತ್ತದೆ. ಗಾಯವೆಂದ ಮೇಲೆ ಮೈಯೊಂದು ಇರಲೇಬೇಕು. ಮೂವತ್ತು ವರ್ಷ ಮೈಗಳನ್ನು ನೋಡಿ ನೋಡಿ ಬರೆದವನಿಗೆ ಮೈಯನ್ನು ಬಿಟ್ಟು ಗಾಯವನ್ನು ಮಾತ್ರ ಉಳಿಸಿಕೊಳ್ಳುವ ಅಧಿಕಾರ ಬಂದಿತ್ತು. ಅಷ್ಟಾಗಿಯೂ ಅವರ ಕಂಚಿನ ಶಿಲ್ಪಗಳಲ್ಲಿ ಆ ಸೊರಗಿದ ಮನುಷ್ಯರು ತಿರುಗಿ ಬಂದರು. ಹದಿನೆಂಟು ವರ್ಷದ ಹುಡುಗನಿಗೆ ‘ಮನುಷ್ಯನನ್ನು ಬಿಡು’ ಎಂದು ಮೊದಲ ಪಾಠದಲ್ಲೇ ಹೇಳುವುದು, ಓ ನಾಮ ತಿದ್ದುವವನಿಗೆ ಮೌನವ್ರತ ಕೊಟ್ಟಂತೆ.

ವಿಮರ್ಶಕ ಮಹಾಶಯರಲ್ಲಿ ನನ್ನ ಜಗಳವಿರುವುದು ಇಲ್ಲಿ. ಅವರ ಅಭಿರುಚಿ ಅವರದು, ಅದನ್ನು ಕಸಿಯುವ ಹಂಬಲ ನನಗಿಲ್ಲ. ಒಂದು ಮಾತಿನಿಂದ ಅವರು ಆ ಹುಡುಗನಿಗೆ ಕಲಿಸಿದ್ದು ನಾಚಿಕೆಯನ್ನು. ತಾನು ಕಂಡದ್ದು, ಕಂಡು ಕಲಕಿದ್ದು, ಇದು ಹೊರಗೆ ತೋರಿಸತಕ್ಕ ವಸ್ತುವಲ್ಲ ಎಂಬ ನಾಚಿಕೆ. ಕೇಳಿದಾಗ ತಿಳಿಯಿತು: ಆ ಇಬ್ಬರು ಮುದುಕರು ಅವನ ಅಜ್ಜ, ಅಜ್ಜಿ. ಅವನ ತಂದೆ ಒಳಗೆ ಮಲಗಿದ್ದಾಗ ಹನ್ನೊಂದು ದಿನ ಆ ಬೆಂಚಿನ ಮೇಲೆ ಕುಳಿತವರು. ಕ್ಯಾರಿಯರಿನ ಊಟ ದಿನವೂ ಹಾಗೆಯೇ ಹಿಂದಕ್ಕೆ ಬರುತ್ತಿತ್ತಂತೆ.

ಮೊನ್ನೆ ಪಡಸಾಲೆಯಲ್ಲಿ ಸಿಕ್ಕಾಗ, ಆ ಅಚ್ಚಿನ ಒಂದು ಪ್ರತಿಯನ್ನು ನನಗೆ ಕೊಡುತ್ತೀಯಾ ಎಂದು ಕೇಳಿದೆ. ಒಂದೂ ಉಳಿದಿಲ್ಲ ಎಂದ. ಹಲಗೆ ಇದೆಯಲ್ಲ, ಇನ್ನೊಂದು ತೆಗೆಯಬಹುದಲ್ಲ ಎಂದೆ. ಒಳ್ಳೆಯ ಮರ ಸಾರ್, ದುಬಾರಿ, ಹಾಗಾಗಿ ಹತ್ತರಿ ಹೊಡೆಸಿಬಿಟ್ಟೆ ಎಂದ. ಈ ಸಲದ ಪ್ರದರ್ಶನಕ್ಕೆ ಅದರ ಮೇಲೆ ಏನು ಕೆತ್ತುತ್ತೀ ಎಂದು ಕೇಳಿದ್ದಕ್ಕೆ ಸ್ವಲ್ಪ ಹೊತ್ತು ನೆಲ ನೋಡಿ, ವೃತ್ತಗಳು ಎಂದ.